ಡೀಜೆ ಗವಿ, ಕೊಟ್ಟೂರು!

ಗವಿಸಿದ್ದೇಶನ ತಲೆಗೂದಲು ನೋಡಿದರೇ ನನಗೆ ಮೈ ಉರಿಯುತ್ತಿತ್ತು. ಎಡಗಣ್ಣು ಮುಚ್ಚುವಷ್ಟು ಉದ್ದ, ಎಣ್ಣೆ ಕಾಣದ್ದು. ಕೊಟ್ಟೂರಿನಲ್ಲಿ ನನ್ನ ಝೆರಾಕ್ಸ್ ಅಂಗಡಿಯ ಪಕ್ಕದ ಖೋಲಿಯಲ್ಲಿ ಒಂದು ಕಂಪ್ಯೂಟರ್, ಎರಡು ಸ್ಪೀಕರ್ ಇಟ್ಟುಕೊಂಡು ಹಾಡು ಮಾಡುತ್ತಿದ್ದ. 'ಇದು ಎಮೋ ಮಾಮಾ, ಒಳಗಿನ ಸಂಕಟ ಹೊರಗ ಹಾಕೋದು' ಅನ್ನುತ್ತಿದ್ದ. ಮೂರು ಹೊತ್ತು ಅವ್ವ ಮಾಡಿಹಾಕಿದ್ದು ತಿನ್ನುವವನಿಗೆ ಅದೆಂಥ ಸಂಕಟವೋ!

ಅವನಿಗೆ ಟ್ರಾನ್ಸ್ ಎಂಬ ಒಂದೇ ಸಮನೆ ಬಡಿಯುವ ಸಂಗೀತದ ಹುಚ್ಚು ಹತ್ತಿದ್ದು ತೊಂಬತ್ತೆಂಟರಲ್ಲಿ, ಹಂಪಿಯ ಹೊಳೆಯಾಚೆ ಒಂದು ಗೆಸ್ಟ್‌ಹೌಸಿನಲ್ಲಿ ತಟ್ಟೆ ತೊಳೆಯುವಾಗ. ಪರದೇಶದವರು ಬಿಟ್ಟುಹೋದ ಕ್ಯಾಸೆಟ್ಟುಗಳನ್ನು ಚೀಲ ತುಂಬ ತಂದಿದ್ದ. ಹತ್ತು ವರ್ಷವಾದರೂ ಅದೇ ಹಳೆಯ ಧಾಟಿ. ಅದರ ಮೇಲೆ ಅಳುಬುರುಕ ಮಾತು ಕೂರಿಸಿ ಹಗರಿಬೊಮ್ಮನಹಳ್ಳಿ, ಹಡಗಲಿಯ ಮದುವೆಗಳಿಗೆ ಕೊಡುತ್ತಿದ್ದ.

ಆ ದಂಧೆಯಲ್ಲಿ ಒಬ್ಬ ಮಾಡಿದ ಹಾಡನ್ನು ಇನ್ನೊಬ್ಬ ಕದ್ದು ತನ್ನದೆನ್ನುವುದು ಮಾಮೂಲು. ಅದಕ್ಕೇ ಎಲ್ಲರೂ ಹಾಡಿನ ನಡುನಡುವೆ ತಮ್ಮ ಹೆಸರು ಕೂಗಿಸುತ್ತಿದ್ದರು. ನಾನು ಅಂಗಡಿಯ ಜೊತೆಗೆ ಆಟೋದಲ್ಲಿ ಕೂತು ಮೈಕಿನಲ್ಲಿ ಪ್ರಚಾರವನ್ನೂ ಮಾಡುವವನು, ಗಂಟಲು ದೊಡ್ಡದು. ಗವಿ ನನ್ನಿಂದ 'ಡೀಜೆ ಗವಿ, ಕೊಟ್ಟೂರು!' ಎಂದು ಕೂಗಿಸಿ, ಕಂಪ್ಯೂಟರಿನಲ್ಲಿ ಅದನ್ನು ಇನ್ನೂ ದಪ್ಪ ಮಾಡಿ, ಪ್ರತಿ ಹಾಡಿಗೂ ಹಾಕುತ್ತಿದ್ದ. ಸುಳ್ಳು ಯಾಕೆ ಹೇಳಲಿ, ನನಗೂ ಹೆಮ್ಮೆಯೇ ಆಗುತ್ತಿತ್ತು.

ಎರಡು ಸಾವಿರದ ಎಂಟರಲ್ಲಿ ಅವನ ತಂಗಿ ಸುಕನ್ಯಾ ಕಾಮಾಲೆಯಾಗಿ ಎಂಟೇ ದಿನದಲ್ಲಿ ತೀರಿಕೊಂಡಳು. ತಿಂಗಳ ಮುಂಚೆ ಅವಳು ಅಣ್ಣನನ್ನು ಊಟಕ್ಕೆ ಕರೆಯಲು ಬಂದಾಗ ಮೈಕ್ ಚಾಲೂ ಇತ್ತು. 'ಅಣ್ಣಾ, ರೊಟ್ಟಿ ಆರಾಕತ್ಯಾವು, ಉಣ್ಣಾಕ ಬಾರೋ.' ಉಳಿದದ್ದು ಅಷ್ಟೇ ದನಿ. ಅದನ್ನೇ ಇಟ್ಟು ಗವಿ ಆರು ನಿಮಿಷದ ಹಾಡು ಮಾಡಿದ. ಮೊದಲ ಸಲ ಅವನ ಹಾಡು ಕೇಳಿ ನಾನು ಅತ್ತೆ.

'ಇದನ್ನ ಯಾರರ ಕದ್ದರ, ಮಾಮಾ?' ಅಂದ.

'ಹೆಸರು ಖಾಲಿ ಜಾಗದಾಗ ಹಾಕಿದ್ರ ಕತ್ತರಿಸಿ ಒಗೀತಾರಲೇ. ಆಕಿ ದನಿ ಮ್ಯಾಲೇ ಹಾಕು' ಅಂದವನು ನಾನೇ.

ಹಾಕಿದ. ಆಮೇಲೆ ಕೂಡ್ಲಿಗಿಯ ಮದುವೆಯೊಂದರ ಹಾಡಿಗೆ ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು, ಬೇರೆಯಾಗಿ ಇಟ್ಟಿದ್ದ ತಂಗಿಯ ಬರಿದನಿಯನ್ನು ಎಂದಿನ ರೂಢಿಯಂತೆ ಅಳಿಸಿಯೂ ಬಿಟ್ಟ.

ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮದುವೆ ಮೆರವಣಿಗೆ, ಗವಿ ಉಳಿದವುಗಳ ಜೊತೆ ಕೊಟ್ಟಿದ್ದ ಆ ಹಾಡು ಹಾಕಿಕೊಂಡು, ಅವರ ಓಣಿಗೇ ಬಂತು. ಹಾಡು ಕೇಳಿ ತಾಯಿ ಕಲ್ಯಾಣಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿಬಂದರು. ಸತ್ತ ಮಗಳು ಊಟಕ್ಕೆ ಕರೆಯುತ್ತಿದ್ದಾಳೆ, ಬಾಯಿ ತುಂಬ ಗುಟ್ಕಾ ತುಂಬಿಕೊಂಡ ಗಂಡಸರು ಅಂಗಿ ಬಿಚ್ಚಿ ಅದಕ್ಕೆ ಸೊಂಟ ತಿರುಗಿಸುತ್ತಿದ್ದಾರೆ. ಥೂ!

ಅಮ್ಮ ನೆಟ್ಟಗೆ ಖೋಲಿಗೆ ಬಂದರು. 'ಗವಿ, ಆ ಬಡಿತ ಬ್ಯಾಡಪ್ಪ. ಬರೇ ಆಕಿ ಕರದದ್ದು ಕೇಳಿಸು.'

ಗವಿ ಮೂರು ದಿನ ಒದ್ದಾಡಿದ. ನನ್ನ ದನಿ ತೆಗೆಯಹೋದರೆ ಅವಳದೂ ಹೋಗುತ್ತಿತ್ತು. ನಾಲ್ಕನೆಯ ದಿನ, ಹಾಡಿನ ನಡುವೆ ಬಡಿತ ನಿಲ್ಲುವ ಜಾಗವೊಂದನ್ನೇ ಹಿಡಿದು ಹಾಕಿದ. ಕಲ್ಯಾಣಮ್ಮ ಸ್ಪೀಕರಿಗೆ ಕಿವಿ ಹಚ್ಚಿ ಕೂತರು.

'ಅಣ್ಣಾ, ರೊಟ್ಟಿ ಆರಾ...' 'ಡೀಜೆ ಗವಿ, ಕೊಟ್ಟೂರು!' '...ಬಾರೋ.'

ನಾಲ್ಕು ಸಲ ಕೇಳಿದರು. ಗವಿ ಕೂದಲೊಳಗೆ ಮುಖ ಮುಚ್ಚಿಕೊಂಡಿದ್ದ. ಅಮ್ಮ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು.

'ಶಿವಯೋಗಪ್ಪ, ಯಾವನಪ್ಪ ಇವ ಹಾಳು ಬಾಯಿಯವ? ನನ್ನ ಮಗಳು ಮಾತಾಡಾಕತ್ತಿದ್ರ ನಡುವ ಒದರ್ತಾನ. ನಿನಗ ಗೊತ್ತಿದ್ದವನಾದ್ರ ಸುಮ್ಮನಿರು ಅಂತ ಒಂದು ಮಾತು ಹೇಳು.'

ಬಾಯಿ ತೆರೆದರೆ ದನಿ ಗುರುತು ಸಿಕ್ಕೀತೆಂದು ನಾನು ಬರೀ ತಲೆಯಾಡಿಸಿದೆ.