ಹಗ್ಗದ ಮೇಲಿದ್ದ ವಿಳಾಸ

"ನಿಮ್ಮ ಲೇಹ್ಯ ಬಂದಿದೆ, ತಗೊಳ್ಳಿ ತಾಯಿ." ಬಾಗಿಲಿಗೆ ಬಂದ ಪೋಸ್ಟ್‌ಮ್ಯಾನ್ ನಮ್ಮ ಯಜಮಾನರ ಹೆಸರು ಕೇಳಿ ಖಾತ್ರಿ ಮಾಡಿಕೊಂಡು ಹೀಗಂದಾಗ ನಾನು ಬೆರಗಾದೆ. ಬಟ್ಟೆ ಸುತ್ತಿ ಹೊಲಿದ ಪಾರ್ಸೆಲ್ಲನ್ನು ಇನ್ನೂ ಬಿಚ್ಚಿಯೇ ಇರಲಿಲ್ಲ!

ಅರವತ್ತರ ದಶಕದ ಜಯನಗರ. ನಾನು ಹನ್ನೆರಡು ದಿನದ ಬಾಣಂತಿ, ಕಿವಿಗೆ ಬಟ್ಟೆ ಕಟ್ಟಿಕೊಂಡೇ ಎದ್ದು ಬಂದಿದ್ದೆ. ಊರಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಅಮ್ಮ ತಾನು ಬರಲಾಗದೆ ಲೇಹ್ಯ ಕಳಿಸಿದ್ದಳು. ವಿಳಾಸ ಮಾತ್ರ ತಪ್ಪು. ನಮ್ಮ ಯಜಮಾನರು ಸೈಟ್ ನಂಬರನ್ನೇ ಮನೆ ನಂಬರ್ ಅಂತ ಊರಿಗೆಲ್ಲ ಬರೆದು ಕಳಿಸಿದ್ದ ಮಹಾನುಭಾವರು! ಹೊಸ ಬಡಾವಣೆ ಬೇರೆ, ಹೆಸರು ಹೇಳಿದರೆ ಪಕ್ಕದ ಬೀದಿಯವರಿಗೂ ನಾವು ಗೊತ್ತಿರಲಿಲ್ಲ.

"ಮತ್ತೆ ನಮ್ಮನೆ ಹೇಗೆ ಸಿಕ್ತು?" ಅಂದೆ.

ಅವರು ಬೆವರು ಒರೆಸಿಕೊಂಡರು. "ಪಾರ್ಸೆಲ್ಲಿಂದ ಶುಂಠಿ, ತುಪ್ಪ ಘಮ್ಮಂತಿತ್ತು. ಬಾಣಂತೀದು ಅಂತ ಗೊತ್ತಾಯ್ತು, ವಾಪಸ್ ಕಳಿಸೋಕೆ ಮನಸ್ಸು ಬರ್ಲಿಲ್ಲ. ಎರಡು ದಿನದಿಂದ ಬೀದಿ ಬೀದಿ ಬಟ್ಟೆ ಹಗ್ಗ ನೋಡ್ಕೊಂಡು ಬಂದೆ. ನಿಮ್ಮ ಅಂಗಳದಲ್ಲಿ ಮಗು ಬಟ್ಟೆ ಒಣಗ್ತಿತ್ತು."

ಆ ಬಾಣಂತನಕ್ಕೆ ತವರಿನಿಂದ ಯಾರು ಬಂದಿದ್ದರು ಅಂತ ಕೇಳಿದವರಿಗೆ ನಾನು ಇವತ್ತಿಗೂ ಹೇಳುವುದು ಒಂದೇ: "ಪೋಸ್ಟ್‌ಮ್ಯಾನ್ ಬಂದಿದ್ರು."