ದೋಣಿಗೆ ಎತ್ತಿನ ಗಂಟು

ದೋಣಿಯಲ್ಲಿ ಕೂತೇ ಇದನ್ನು ಟೈಪ್ ಮಾಡುತ್ತಿದ್ದೇನೆ. ಈ ಬೇಸಿಗೆಗೆ ಇಂಗ್ಲೆಂಡಿನ ಕಾಲುವೆಯ ಮೇಲೆ ಉದ್ದನೆಯ, ಕಿರಿದಾದ ದೋಣಿಯೊಂದೇ ನಮ್ಮ ಮನೆ. ಇರುವವರು ಗುಂಡ್ಲುಪೇಟೆ ಕಡೆಯ ಮೂವರು: ಇಲ್ಲಿ ನರ್ಸ್ ಆಗಿರುವ ಅಕ್ಕ, ಭೀಮನಬೀಡಿನ ಭಾವ, ತೆರಕಣಾಂಬಿಯಲ್ಲಿ ಕೂತು ವಿಡಿಯೋ ನೋಡಿಯೇ ದೋಣಿ ನಡೆಸಲು ಕಲಿತ ನಾನು.

ಕಾಲುವೆ ತಗ್ಗಿಗೆ ಇಳಿಯುವ ಕಡೆ ಎರಡು ಗೇಟುಗಳ ನಡುವೆ ತೊಟ್ಟಿಯಂಥ ಜಾಗವಿರುತ್ತದೆ. ದೋಣಿಯನ್ನು ಅದರೊಳಗೆ ನಿಲ್ಲಿಸಿ ನೀರು ಹೊರಬಿಟ್ಟರೆ ದೋಣಿಯೂ ಇಳಿಯುತ್ತದೆ. ಭಾವ ದಡದ ಗೂಟಕ್ಕೆ ಹಗ್ಗ ಕಟ್ಟಿದರು. ನಾನು ಖುಷಿಯಿಂದ ಕೆಳಗಿನ ಗೇಟಿನ ತೂಬು ಎತ್ತಿದೆ. ನೀರು ಇಳಿಯಿತು. ದೋಣಿಯ ಒಂದು ಬದಿ ಮಾತ್ರ ಇಳಿಯದೆ ಹಗ್ಗಕ್ಕೆ ನೇತುಬಿದ್ದು ವಾಲತೊಡಗಿತು. ಅಕ್ಕ ಒಳಗೆ ಅಡುಗೆ ಮಾಡುತ್ತಿದ್ದಳು.

“ಭಾವ, ಹಗ್ಗ ಬುಡಿ.”

“ಬಿಚ್ಚಕ್ ಆಯ್ತಿಲ್ಲ ಕಣ್ಲಾ. ಎತ್ತು ಕಟ್ಟೋ ಗಂಟು ಆಕ್ಬುಟ್ಟಿವ್ನಿ. ಎಳ್ದಷ್ಟೂ ಬಿಗಿಯಾಯ್ತದೆ.”

ಒಳಗೆ ಪಾತ್ರೆಗಳು ಉರುಳಿದವು. ನೋಡಿದ್ದ ಒಂದು ವಿಡಿಯೋ ಕೂಡ ನೆನಪಿಗೆ ಬರಲಿಲ್ಲ. ಕೊನೆಗೆ ತೂಬು ಮುಚ್ಚಿ, ಮೇಲಿನ ಗೇಟಿಗೆ ಓಡಿ ನೀರನ್ನು ಮತ್ತೆ ಒಳಬಿಟ್ಟೆ. ನೀರು ಏರಿ ಹಗ್ಗ ಸಡಿಲವಾದ ಮೇಲೆ ಭಾವ ಗಂಟು ಬಿಚ್ಚಿದರು.

ದೋಣಿ ನೆಟ್ಟಗಾದ ಮೇಲೆ ಅಕ್ಕ ಸಾರು ಮೆತ್ತಿದ ಬಟ್ಟೆಯಲ್ಲೇ ಹೊರಬಂದು ದಡಕ್ಕೆ ಹತ್ತಿದಳು.

“ನೀವಿಬ್ರೂ ನಿಮ್ ಎತ್ತು ಒಡ್ಕಂಡು ಬನ್ನಿ. ನಾನು ನಡ್ಕಂಡೇ ಓಯ್ತೀನಿ.”

ಈಗ ಭಾವ ಚುಕ್ಕಾಣಿ ಹಿಡಿದಿದ್ದಾರೆ. ದೋಣಿ ಎಷ್ಟು ನಿಧಾನವೆಂದರೆ, ದಡದ ಮೇಲೆ ಅಕ್ಕ ಆಗಲೇ ನಮಗಿಂತ ಬಹಳ ಮುಂದಿದ್ದಾಳೆ. ಒಮ್ಮೆಯೂ ತಿರುಗಿ ನೋಡಿಲ್ಲ.