ಫಿಟ್ಟರ್ ಅಣ್ಣನ ಬಲಗಣ್ಣು

ಕಳೆದ ಜುಲೈನ ಮೊದಲ ಸೋಮವಾರ ಬ್ಲಫ್ ಜಲವಿದ್ಯುತ್ ಕೇಂದ್ರದ ನಿವೃತ್ತ ಟರ್ಬೈನ್ ಫಿಟ್ಟರ್ ಮಂಡ್ಯದಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡರು. ಎರಡು ವರ್ಷ ಅವರು ಒಪ್ಪಿರಲಿಲ್ಲ. ದೇವರು ಮಾಡಿದ್ದನ್ನು ಮನುಷ್ಯ ಬಿಚ್ಚಬಾರದು ಎನ್ನುತ್ತಿದ್ದರು.

ಕಣ್ಣು ಕೋಟ್ಯಂತರ ವರ್ಷಗಳಲ್ಲಿ ಸ್ವಲ್ಪಸ್ವಲ್ಪವಾಗಿ ವಿಕಾಸವಾದದ್ದೆಂದು ವಿಜ್ಞಾನದ ಮೇಷ್ಟ್ರು ಹೇಳಿದಾಗಲೆಲ್ಲ ಫಿಟ್ಟರ್ ಎಣ್ಣೆಯಿಲ್ಲದ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದರು. “ಟರ್ಬೈನ್‌ಗಿಂತ ನಾಜೂಕು ಕಣ್ಣು. ಮಾಡ್ದೋನಿಲ್ದೆ ಆಯ್ತದಾ ಮೇಷ್ಟ್ರೇ?”

ಪೊರೆ ಇನ್ನೂ ಇದ್ದಾಗ ಒಂದು ಸಂಜೆ ಟೀ ಅಂಗಡಿಯಲ್ಲಿ ನನ್ನನ್ನೇ ಮೇಷ್ಟ್ರೆಂದುಕೊಂಡು ಅರ್ಧ ಗಂಟೆ ವಾದಿಸಿದರು. ಪಕ್ಕದಲ್ಲೇ ಕೂತಿದ್ದ ಮೇಷ್ಟ್ರು ಕೊನೆಗೆ ಕೇಳಿದರು: “ಮಾಡ್ದೋನು ಒಬ್ಬ ಅವ್ನೆ ಅಂತ್ಲೇ ಇಟ್ಕಳಿ ಅಣ್ಣ. ಟರ್ಬೈನ್ ಕೆಟ್ಟಾಗ ಮಾಡ್ದೋನ್ ಬಂದ್ನಾ, ನೀವ್ ಬಿಚ್ಚಿದ್ರಾ?”

ಫಿಟ್ಟರ್ ಲೋಟ ಕೆಳಗಿಟ್ಟರು. “ಮಂಡ್ಯದ ಬಸ್ಸು ಎಷ್ಟೊತ್ಗದೆ?”

ಈಗ ಅವರು ಮೇಷ್ಟ್ರ ಜೀವವಿಕಾಸದ ಪುಸ್ತಕ ಓದುತ್ತಿದ್ದಾರೆ. ನಲವತ್ತನೇ ಪುಟದವರೆಗೆ ತಪ್ಪುಗಳಿಗೆ ಪೆನ್ಸಿಲ್ ಗುರುತು ಹಾಕಿದ್ದಾರೆ.